ಯಾವ ಆಯಿ?

ಅವರ ಬಲಗೈ ತೋರುಬೆರಳಿನ ಉಗುರು ಕಪ್ಪಗಾಗಿ ನಡುವೆ ಸೀಳಿಕೊಂಡಿತ್ತು. ಆ ಉಗುರನ್ನು ನಾವು ದಿನಾ ನೋಡಲೇಬೇಕಿತ್ತು, ಯಾಕೆಂದರೆ ನಮ್ಮ ಕನ್ನಡ ಸರ್ ಪಾಠ ಮಾಡುತ್ತಿದ್ದದ್ದೇ ಆ ಬೆರಳಿನಿಂದ. ಬೋರ್ಡಿನ ಮೇಲೆ ಒಂದು ಶಬ್ದ ಬರೆಯುವರು. ಅದರ ಅರ್ಧಕ್ಕೆ ಬೆರಳು ಅಡ್ಡ ಇಟ್ಟು, ಒಂದೇ ಹುಬ್ಬು ಏರಿಸಿ ನಮ್ಮ ಕಡೆ ತಿರುಗುವರು. “ಇದನ್ನ ಮುಚ್ಚಿದ್ರ ಏನ್ ಉಳೀತು?” ಆ ಉಗುರು ಹಾಗಾಗಿದ್ದು ನಮ್ಮ ಬಾಬಾ ಕಂಡಕ್ಟರ್ ಆಗಿದ್ದ ಬಸ್ಸಿನಲ್ಲಿ. ಅದರಲ್ಲಿ ಬಾಬಾನ ಅವಸರ ಎಷ್ಟು, ಬೇಕಂತಲೇ ಮಾಡಿದ್ದು ಎಷ್ಟು ಎಂಬುದರ ಬಗ್ಗೆ ನನಗೆ ಇವತ್ತಿಗೂ ಸಣ್ಣದೊಂದು ಅನುಮಾನ ಉಳಿದಿದೆ.

ಖಾನಾಪುರದ ನಮ್ಮ ಮನೆಯಲ್ಲಿ ಎರಡು ಭಾಷೆ ಓಡಾಡುತ್ತಿದ್ದವು. ಬಾಬಾನದು ಮರಾಠಿ. ಅವ್ವ ಬೀಡಿ ಊರಿನವಳು, ಅವಳದು ಕನ್ನಡ. ಬಾಬಾನ ತಾಯಿ ನಮ್ಮ ಜೊತೆಗೇ ಇದ್ದಳು. ಅವಳಿಗೆ ಬಾಬಾ ‘ಆಯಿ’ ಅನ್ನುತ್ತಿದ್ದ, ನಾನೂ ‘ಆಯಿ’ ಅನ್ನುತ್ತಿದ್ದೆ. ಅದರಲ್ಲಿ ವಿಶೇಷವೇನಾದರೂ ಇದೆ ಎಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಬಾಬಾ ಬೆಳಗಾವಿ–ಖಾನಾಪುರ ದಾರಿಯ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದ. ಆ ಕೆಲಸಕ್ಕೆ ಸಂಶಯವೇ ಬಂಡವಾಳ. ಸೀಟಿನ ಮೂಲೆಯಲ್ಲಿ ಕಣ್ಣು ಮುಚ್ಚಿದವನು ನಿಜವಾಗಿ ಮಲಗಿದ್ದಾನೋ, ಟಿಕೆಟ್ ತಪ್ಪಿಸಲು ಮಲಗಿದ್ದಾನೋ ಎಂಬುದನ್ನು ಅವನು ಉಸಿರಾಟದಲ್ಲೇ ಹಿಡಿಯುತ್ತಿದ್ದನಂತೆ. ಇನ್ನು ಯಾರ ಮನೆಮಾತು ಯಾವುದು ಎಂಬುದಂತೂ ಬಾಯಿ ತೆರೆದ ಕೂಡಲೇ ಗೊತ್ತಾಗುತ್ತಿತ್ತು. ಅವನ ಕೈಗೆ ಸಿಗದೆ ಉಳಿದ ಪ್ರಯಾಣಿಕರು ಒಬ್ಬರೇ, ದಿನಾ ಪೀರನವಾಡಿಯಲ್ಲಿ ಹತ್ತುವ ನಮ್ಮ ಕನ್ನಡ ಸರ್. ಅವರ ಹತ್ತಿರ ಪಾಸ್ ಇತ್ತು. ಪಾಸ್ ಇದ್ದವರು ಬಾಯಿ ಬಿಡಬೇಕಾಗಿಲ್ಲ. ಮರಾಠಿಯಲ್ಲಿ ಮಾತಾಡಿಸಿದರೆ ಮರಾಠಿಯಲ್ಲಿ, ಕನ್ನಡದಲ್ಲಿ ಮಾತಾಡಿಸಿದರೆ ಕನ್ನಡದಲ್ಲಿ ಉತ್ತರ ಕೊಟ್ಟು ಕಿಟಕಿಯ ಕಡೆ ತಿರುಗಿಬಿಡುತ್ತಿದ್ದರು. ಎರಡರಲ್ಲೂ ಎಳೆಯಷ್ಟು ತಪ್ಪಿಲ್ಲ. ಅದೇ ಬಾಬಾನಿಗೆ ತಡೆಯಲಾಗದ ಸಂಗತಿ.

“ಅಂವ ಯಾರ ಪೈಕಿ?” ಎಂದು ಊಟಕ್ಕೆ ಕೂತಾಗೆಲ್ಲ ನನ್ನನ್ನು ಕೇಳುತ್ತಿದ್ದ.

ಸರ್ ಸಂಶಯದಲ್ಲಿ ಬಾಬಾನಿಗಿಂತ ಏನೂ ಕಡಿಮೆ ಇರಲಿಲ್ಲ. ಆದರೆ ಅವರ ಸಂಶಯ ಶಬ್ದಗಳ ಮೇಲೆ. “ಶಬ್ದ ಕಂಡ ಕೂಡ್ಲೆ ನಂಬಬ್ಯಾಡ್ರಿ. ಯಾವೂರಿಂದ ಬಂದಿ, ನಿನ್ನ ಮನಿ ಯಾವುದು ಅಂತ ಮೊದಲ ಕೇಳ್ರಿ” ಅನ್ನುವರು. ದವಾಖಾನಿಯಲ್ಲಿ ‘ದವಾ’ ಮುಚ್ಚಿ, ಕಾರಖಾನಿಯಲ್ಲಿ ‘ಕಾರ’ ಮುಚ್ಚಿ, ಉಳಿದ ‘ಖಾನಿ’ ಅಂದರೆ ಪಾರಸಿಯಲ್ಲಿ ಮನೆ ಎಂದು ತೋರಿಸಿದ ದಿನ ನನಗೆ ಹುಚ್ಚು ಹಿಡಿದಂತಾಯಿತು. ಒಂದು ಬೀಗದಕೈಯಿಂದ ಎಷ್ಟು ಬಾಗಿಲು! ನಾನು ಎದ್ದು ನಿಂತು, “ಹಂಗಾದ್ರ ಸರ್ರೀ, ಖಾನಾಪುರ ಅಂದ್ರ ಮನಿಗಳ ಊರು, ಖಾನಾವಳಿ ಅಂದ್ರ ಮನಿಗಳ ಸಾಲು” ಎಂದೆ. ಹಿಂದಿನ ಬೆಂಚಿನವಳೊಬ್ಬಳು, “ಅಲ್ರೀ, ಖಾನಾ ಅಂದ್ರ ಊಟ. ನಮ್ಮದು ಊಟದ ಊರು” ಎಂದಳು.

ಸರ್ ಹೊಟ್ಟೆ ಹಿಡಿದುಕೊಂಡು ನಕ್ಕರು. “ಖಾನಾವಳ್ಯಾಗ ಮರಾಠಿ ‘ಖಾಣೆ’ ಕುಂತದ, ಉಣ್ಣೂದು. ಖಾನಾಪುರದಾಗ ಯಾರೋ ಒಬ್ಬ ಖಾನ ಇದ್ದಿರಬೇಕು. ಇದ್ದಿರಬೇಕು ಅಂದೆ, ನೋಡ್ರಿ, ಇದ್ದ ಅನ್ನಲಿಲ್ಲ. ತಂಗಿ, ಬರೇ ಮಾರಿ ನೋಡಿ ಬೀಗತನ ಮಾಡಬ್ಯಾಡ.” ಮುಖ ಒಂದೇ ಥರ ಇದೆ ಅಂದಮಾತ್ರಕ್ಕೆ ನೆಂಟರಾಗುವುದಿಲ್ಲ ಎಂಬ ಈ ಮಾತನ್ನು ಅವರು ಎಷ್ಟು ಸಲ ಹೇಳಿದರೆಂದರೆ, ನಾವು ಒಬ್ಬರನ್ನೊಬ್ಬರು ಚುಡಾಯಿಸಲಿಕ್ಕೂ ಅದನ್ನೇ ಬಳಸುತ್ತಿದ್ದೆವು.

ತರಗತಿಯಲ್ಲಿ ಕಲಿತದ್ದನ್ನು ಮನೆಗೆ ತಂದದ್ದೇ ಗಲಾಟೆಗೆ ಮೂಲ. ಆಯಿ ದಿನಾ ಊಟವಾದ ಮೇಲೆ ಅಡಕಿತ್ತಾ ಹಿಡಿದು ಅಡಿಕೆ ಕತ್ತರಿಸುತ್ತ ಕೂಡುತ್ತಿದ್ದಳು. ನಾನು ಆ ಅಡಕಿತ್ತಾ ತೋರಿಸಿ, “ಬಾಬಾ, ನೀವು ಮರಾಠ್ಯಾಗ ಅಡಕಿಗೆ ಸುಪಾರಿ ಅಂತೀರಿ. ಕತ್ತರಿಸೋದಕ್ಕ ಮಾತ್ರ ಅಡಕಿತ್ತಾ. ಅದರಾಗ ಕನ್ನಡದ ಅಡಕಿ ಯಾವಾಗ ಬಂದು ಕುಂತಿತು?” ಎಂದೆ. ಅವ್ವ ಹಿಗ್ಗಿ ಹೀರೇಕಾಯಿಯಾದಳು. ಮುಂದೆ ಒಂದು ವಾರ ಬಾಬಾ ಏನು ಹೇಳಿದರೂ, “ನಿಮ್ಮ ಅಡಕಿತ್ತಾನ ನಮ್ಮದು” ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಮುಂದಿನ ವಾರ ಸರ್ ‘ಖರೇ’ ಎಂಬ ಶಬ್ದ ಎತ್ತಿಕೊಂಡು, ಅದು ಮರಾಠಿಯಿಂದ ನಮ್ಮ ಕಡೆ ಬಂದದ್ದು ಎಂದರು. ಅವ್ವನಿಗೆ ಖರೇ ಇಲ್ಲದೆ ಮಾತೇ ಹೊರಡುತ್ತಿರಲಿಲ್ಲ. ಈಗ ಹಿಗ್ಗುವ ಪಾಳಿ ಬಾಬಾನದು. “ನಮ್ಮ ಖರೇ ನಮಗ ಕೊಟ್ಟು ಆಮ್ಯಾಲೆ ಮಾತಾಡು” ಎಂದ. ಅವ್ವ ಸಿಟ್ಟಿನಿಂದ, “ಈ ಮಾಸ್ತರ ಏನೋ ಆಟ ಹೂಡ್ಯಾನ” ಎಂದಳು. ಆ ಹೊತ್ತಿಗೆ ಊರಿನಲ್ಲೂ ಅದೇ ಮಾತು. ಇವನು ನಮ್ಮ ಶಬ್ದಗಳನ್ನೆಲ್ಲ ಕನ್ನಡದ್ದು ಅನ್ನುತ್ತಾನೆ ಎಂದು ಕೆಲವರು, ನಮ್ಮವನ್ನೆಲ್ಲ ಮರಾಠಿಯದ್ದು ಅನ್ನುತ್ತಾನೆ ಎಂದು ಇನ್ನು ಕೆಲವರು, ಹೆಡ್‌ಮಾಸ್ತರರ ಕೋಣೆಯ ಮುಂದೆ ಒಂದೇ ಬೆಂಚಿನ ಮೇಲೆ ಕೂತು ದೂರಿದರಂತೆ.

ಬಾಬಾ ನಿರ್ಧಾರ ಹೇಳಿಯೇಬಿಟ್ಟ. “ಅಂವ ಯಾರಂತ ಗೊತ್ತಾಗೂತನಕ ನೋಡ್ತೇನಿ. ಆಮ್ಯಾಲೆ ನಿನ್ನ ಬೆಳಗಾವಿ ಸಾಲಿಗೆ ಹಾಕ್ತೇನಿ. ನನ್ನ ಬಸ್ಸಿನ್ಯಾಗ ಹೋಗು, ನನ್ನ ಬಸ್ಸಿನ್ಯಾಗ ಬಾ.” ಬೇರೆ ಶಾಲೆಗೆ ಹೋಗುವುದೆಂದರೆ ಆ ಬೆರಳು ತಪ್ಪಿಹೋಗುವುದು. ಶಬ್ದದ ಹೊಟ್ಟೆಯೊಳಗೆ ಇನ್ನೊಂದು ಶಬ್ದ ಇರುತ್ತದೆಂದು ತೋರಿಸಿ, ಅಲ್ಲಿಗೇ ಕೈಬಿಟ್ಟಂತೆ. ಸರ್ ಯಾರ ಪೈಕಿಯೂ ಆಗಿರದಿರಲಿ ಎಂದು ನಾನು ದೇವರಿಗೆ ಹೇಳಿಕೊಂಡೆ. ಜೊತೆಗೇ, ಯಾರ ಪೈಕಿ ಇರಬಹುದು ಎಂದು ಅವರ ಒಂದೊಂದು ಮಾತಿಗೂ ಕಿವಿಗೊಟ್ಟೆ. ಅಪ್ಪನ ಗುಣ ಎಲ್ಲಿಗೆ ಹೋದೀತು?

ಒಂದು ದಿನ ಬಾಬಾ ಮನೆಗೆ ಬಂದವನೇ ಚೀಲ ಇಳಿಸದೆ ಕೂಗಿದ. “ಸಿಕ್ಕ!” ಪೀರನವಾಡಿಯಲ್ಲಿ ಗದ್ದಲವಿತ್ತಂತೆ, ಬಾಬಾ ಧಡ್ಡನೆ ಬಾಗಿಲು ಹಾಕಿದನಂತೆ, ಸರ್ ಬೆರಳು ಅದರಲ್ಲಿ ಸಿಕ್ಕಿತಂತೆ. “ಬೆರಳ ಸಿಕ್ಕಿದ ಕೂಡ್ಲೆ ‘ಆಯಿ!’ ಅಂತ ಚೀರಿದ. ನೋವು ಸುಳ್ಳ ಹೇಳಂಗಿಲ್ಲ. ತಾಯಿನ್ನ ಆಯಿ ಅಂತ ಕರದಾನ. ಪಕ್ಕಾ ಮರಾಠಿ! ನಮ್ಮವನಾಗಿ ನಮ್ಮ ಅಡಕಿತ್ತಾ ಬಿಟ್ಟುಕೊಟ್ಟಾನ. ಇದು ಇನ್ನೂ ಕೆಟ್ಟ. ನಾಳಿಂದ ಸಾಲಿ ಬದ್ಲಿ.” ಹೇಳುವಾಗ ಅವನ ಕರವಸ್ತ್ರ ಜೇಬಿನಲ್ಲಿರಲಿಲ್ಲ. ಅದನ್ನು ಹರಿದು ಸರ್ ಬೆರಳಿಗೆ ತಾನೇ ಕಟ್ಟಿ ಬಂದಿದ್ದ.

ಅಳು ಬಂದಿತ್ತು. ಆದರೆ ಅಳುವ ಮೊದಲು ಸರ್ ಮಾತು ನೆನಪಾಯಿತು. “ಬಾಬಾ, ಬರೇ ಮಾರಿ ನೋಡಿ ಬೀಗತನ ಮಾಡಬ್ಯಾಡ” ಎಂದೆ. “ನೀ ಆಯಿಗೆ ಆಯಿ ಅಂತಿ, ನಾನೂ ಅಂತೇನಿ. ನಿನ್ನ ಮರಾಠ್ಯಾಗ ಆಯಿ ಅಂದ್ರ ತಾಯಿ. ಅವ್ವನ ಕಡೆ ಕನ್ನಡದಾಗ ಆಯಿ ಅಂದ್ರ ಅಜ್ಜಿ. ಸರ್ ಕರದದ್ದು ಯಾವ ಆಯಿಗೆ?”

ಅವ್ವ ಬೀಡಿಯಲ್ಲಿದ್ದ ತನ್ನ ಆಯಿಯನ್ನು ನೆನೆದು ತಲೆ ಆಡಿಸಿದಳು. ಮೂಲೆಯಲ್ಲಿ ಕೂತಿದ್ದ ಆಯಿ ಮಾತ್ರ ಅಡಕಿತ್ತಾ ಕೆಳಗಿಟ್ಟು, ಹಲ್ಲಿಲ್ಲದ ಬಾಯಿ ತೆರೆದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಬಾಬಾ ಬಿಡುವವನಲ್ಲ. ಮರುದಿನ ಬಸ್ಸಿನಲ್ಲಿ ಸರ್ ಪಕ್ಕದಲ್ಲೇ ಕೂತು ಕೇಳಿದನಂತೆ. “ಸರ್ರೀ, ನಿನ್ನೆ ಬೆರಳ ಸಿಕ್ಕಾಗ ಕರದದ್ದು ಯಾರನ್ರೀ?” ಸರ್ ಕರವಸ್ತ್ರ ಕಟ್ಟಿದ ಬೆರಳನ್ನು ಒಮ್ಮೆ ನೋಡಿಕೊಂಡು, “ಯಾರನ್ನರ ಕರದಿರ್ಲಿ, ಓಡಿ ಬಂದವ್ರು ನೀವಲ್ರೀ?” ಎಂದರಂತೆ. ಸಂಜೆ ಅದನ್ನು ಹೇಳುವಾಗ ಬಾಬಾನ ಮೀಸೆಯೊಳಗೆ ನಗು ಇತ್ತು. “ಭಾಳ ಶಾಣ್ಯಾ ಅದಾನ. ಈ ವರ್ಷ ಅಲ್ಲೇ ಇರು. ನಾ ಅವನ ಮ್ಯಾಲೆ ಒಂದು ಕಣ್ಣ ಇಟ್ಟಿರ್ತೇನಿ.”

ಆ ಕಣ್ಣನ್ನು ಬಾಬಾ ನಿವೃತ್ತನಾದ ಮೇಲೂ ತೆಗೆಯಲಿಲ್ಲ. ಪೀರನವಾಡಿಗೆ ಹೋಗಿ ಸರ್ ಜೊತೆ ಚಹಾ ಕುಡಿದು ಬರುವುದು, ಬಂದು “ಇವತ್ತೂ ಗೊತ್ತಾಗ್ಲಿಲ್ಲ” ಅನ್ನುವುದು. ನಾನು ಓದಿ, ಬೆಳಗಾವಿಯ ಶಾಲೆಯೊಂದರಲ್ಲಿ ಕನ್ನಡ ಕಲಿಸುವವಳಾದೆ. ಮಕ್ಕಳ ಮುಂದೆ ಶಬ್ದಕ್ಕೆ ಬೆರಳು ಅಡ್ಡ ಇಡುವಾಗೆಲ್ಲ ಅದು ನನ್ನ ಬೆರಳಲ್ಲ ಅನಿಸುತ್ತದೆ.

ಹೋದ ವರ್ಷ ಸರ್ ತೀರಿಕೊಂಡರು. ಬಾಬಾನನ್ನು ಕರೆದುಕೊಂಡು ಹೋದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಒಳಗೆ ಯಾವ ಭಾಷೆಯಲ್ಲಿ ಅಳುತ್ತಿದ್ದಾರೆ ಎಂದು ನಾವಿಬ್ಬರೂ ಬಾಗಿಲಲ್ಲಿ ಒಂದು ಗಳಿಗೆ ನಿಂತೆವು. ಅಳುವಿನಲ್ಲಿ ಏನೂ ತಿಳಿಯಲಿಲ್ಲ. ಸರ್ ಹೆಂಡತಿ ಪಾರಿಶ್ವಾಡದವರು. ಬಂದವರಲ್ಲಿ ಒಬ್ಬರಿಗೆ ಕನ್ನಡದಲ್ಲಿ, ಇನ್ನೊಬ್ಬರಿಗೆ ಮರಾಠಿಯಲ್ಲಿ ಕೊನೆಯ ದಿನದ ಸುದ್ದಿ ಹೇಳುತ್ತಿದ್ದರು. ನಮ್ಮ ಸರದಿ ಬಂದಾಗ, “ಕಡೀಕ ಒಂದ ಮಾತಂದ್ರು, ಆಯಿ ಅಂದ್ರು” ಎಂದರು.

ಬಾಬಾ, ಹಳೆಯ ಕಂಡಕ್ಟರ್, ಅಳುತ್ತಲೇ ಕೇಳಿದ. “ಯಾವ ಆಯಿರೀ?”

ಅವರು ಬಾಬಾನ ಮುಖವನ್ನೇ ನೋಡಿದರು. “ನಾನೂ ಕೇಳಬೇಕಂತಿದ್ದೆ, ಕೇಳಾಕ ಆಗ್ಲಿಲ್ರಿ. ಹೆತ್ತಾಕಿನೂ ಇಲ್ಲ, ಬೆಳಿಸಿದ ಅಜ್ಜಿನೂ ಇಲ್ಲ. ಇಬ್ಬರಾಗ ಯಾರ ಬಂದ್ರೂ ಅವ್ರಿಗೆ ಸಾಕಾಗಿತ್ತೇನೋ.”

ಮರುದಿನ ತರಗತಿಯಲ್ಲಿ ಪಾಠ ಮಾಡಲು ಮನಸ್ಸಿರಲಿಲ್ಲ. ಬೋರ್ಡಿನ ಮೇಲೆ ಆ ಒಂದೇ ಶಬ್ದ ಬರೆದೆ. ರೂಢಿಯಂತೆ ಬೆರಳು ಎತ್ತಿದೆ. ಮೊದಲ ಅಕ್ಷರ ಮುಚ್ಚಿದೆ, ಏನೂ ಉಳಿಯಲಿಲ್ಲ. ಎರಡನೆಯದನ್ನು ಮುಚ್ಚಿದೆ, ಆಗಲೂ ಏನೂ ಉಳಿಯಲಿಲ್ಲ. ಮಕ್ಕಳು ಪ್ರಶ್ನೆಗೆ ಕಾಯುತ್ತಿದ್ದರು. ನಾನು ಬೆರಳು ತೆಗೆದು, ಶಬ್ದವನ್ನು ಇಡಿಯಾಗಿ ಹಾಗೆಯೇ ಬಿಟ್ಟೆ.