ಗಾಲಿಕುರ್ಚಿಗಳ ಕೋಣೆ ತೆರೆದ ಚಂದ್ರಕಲಾ

ರೋಗಿಯ ಆರೈಕೆ ಆಸ್ಪತ್ರೆಯ ಬಾಗಿಲಿಗೇ ಮುಗಿಯುವುದಿಲ್ಲವೆಂದು ನಂಬಿ, ಆ ನಂಬಿಕೆಯನ್ನು ರಾಯಚೂರಿನ ಓಣಿಗಳಲ್ಲಿ ನಡೆಸಿ ತೋರಿಸಿದ ಶುಶ್ರೂಷಾಧಿಕಾರಿ ಶ್ರೀಮತಿ ಚಂದ್ರಕಲಾ ಅವರು ಮೂವತ್ತನಾಲ್ಕು ವರ್ಷಗಳ ಸೇವೆಯ ನಂತರ ಈ ತಿಂಗಳು ನಿವೃತ್ತರಾಗುತ್ತಿದ್ದಾರೆ.

ಮಲ್ಲಟ ಗ್ರಾಮದ ಕುರಿ ಸಾಕುವ ಮನೆತನದಲ್ಲಿ ಹುಟ್ಟಿದ ಅವರು ದೇವದುರ್ಗದಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ ಸೊಂಟ ಮುರಿದ ಮುದುಕರೊಬ್ಬರನ್ನು ಗಾಲಿಕುರ್ಚಿ ಸಿಗದೆ ಮಕ್ಕಳು ಬಾಗಿಲ ಹಲಗೆಯ ಮೇಲೆ ಮನೆಗೆ ಹೊತ್ತು ಒಯ್ದದ್ದನ್ನು ಅವರು ಮರೆಯಲಿಲ್ಲ. ಮಾನ್ವಿಯಲ್ಲಿ ಹನ್ನೊಂದು ವರ್ಷ ದುಡಿದು ರಾಯಚೂರಿಗೆ ವರ್ಗವಾಗಿ ಬಂದಾಗ, ಬಾಡಿಗೆ ಮನೆಯ ಅಟ್ಟದಲ್ಲಿ ಹಳೆಯ ಗಾಲಿಕುರ್ಚಿಯೊಂದು ಧೂಳು ತಿನ್ನುತ್ತಿದ್ದುದು ಕಣ್ಣಿಗೆ ಬಿತ್ತು. ಇಂಥವು ಇನ್ನೆಷ್ಟು ಅಟ್ಟಗಳಲ್ಲಿವೆಯೋ ಎಂದುಕೊಂಡು ರಜೆಯ ದಿನಗಳಲ್ಲಿ ಮನೆಮನೆಗೆ ಹೋಗಿ ಕೇಳಿದರು. ವರ್ಷದೊಳಗೆ ಗಾಲಿಕುರ್ಚಿ, ವಾಕರ್, ಊರುಗೋಲು, ಮಂಚ ಎಲ್ಲ ಸೇರಿ ನಲವತ್ತು ದಾಟಿದವು. ವೆಲ್ಡಿಂಗ್ ಅಂಗಡಿಯ ಪೀರಾ ಸಾಬ್ ಅವರು ಮುರಿದದ್ದನ್ನು ಕೂಲಿಯಿಲ್ಲದೆ ಸರಿಮಾಡಿದರು. ಓಣಿಯವರು ಸಮುದಾಯ ಭವನದ ಒಂದು ಕೋಣೆ ಬಿಟ್ಟುಕೊಟ್ಟರು. ಬೇಕಾದವರು ಒಯ್ಯಬೇಕು, ಗುಣವಾದ ಮೇಲೆ ತಂದಿಡಬೇಕು, ಇಷ್ಟೇ ನಿಯಮ.

ನಾಲ್ಕನೆಯ ವರ್ಷ ಅನಾಹುತವೊಂದು ನಡೆಯಿತು. ಹೂ ಮಾರುವ ಹಿರಿಯರಾದ ಬಸವಂತಮ್ಮ ಅವರು ಒಯ್ದಿದ್ದ ವಾಕರಿನ ಬೆಸುಗೆ ಬಿಟ್ಟು, ಅವರು ಅಂಗಳದಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ತಪ್ಪು ತಮ್ಮದೆಂದು ಪೀರಾ ಸಾಬ್ ತಲೆ ತಗ್ಗಿಸಿದರು. ಪರೀಕ್ಷಿಸದೆ ಕೊಟ್ಟವಳು ತಾನೆಂದು ಚಂದ್ರಕಲಾ ಅವರು ಕೋಣೆಗೆ ಬೀಗ ಹಾಕಿದರು. ಎರಡು ವಾರ ಅದನ್ನು ತೆರೆಯಲಿಲ್ಲ. ಕೊನೆಗೆ ಬಸವಂತಮ್ಮನವರ ಮನೆಗೆ ಹೋಗಿ ಕ್ಷಮೆ ಕೇಳಿ, ಇನ್ನು ಈ ಕೆಲಸವನ್ನೇ ಬಿಡುವುದಾಗಿ ತಿಳಿಸಿದರು.

“ನರ್ಸವ್ವಾ, ಬೀಗ ಹಾಕಿದ್ರ ನನ್ನ ಕೈ ಕೂಡ್ತದೇನು?” ಎಂದರು ಬಸವಂತಮ್ಮ. “ಮುರ್ಯಂಗಿಲ್ಲ ಅಂತ ನೋಡಿ ಕೊಡ್ರಿ. ನನಗ ಇನ್ನೊಂದು ಬೇಕಾಗ್ಯದ.”

ಮರುದಿನವೇ ಬೀಗ ತೆರೆಯಿತು. ಅಂದಿನಿಂದ ದುರಸ್ತಿಯಾದ ಪ್ರತಿ ಗಾಲಿಕುರ್ಚಿ, ವಾಕರ್, ಊರುಗೋಲಿನ ಮೇಲೂ ಮೊದಲು ಚಂದ್ರಕಲಾ, ಆಮೇಲೆ ಅವರಿಗಿಂತ ದಪ್ಪಗಿರುವ ಪೀರಾ ಸಾಬ್ ಪೂರ್ತಿ ಭಾರ ಬಿಟ್ಟು ಭವನವನ್ನು ಒಂದು ಸುತ್ತು ಬರುತ್ತಾರೆ. ನೋಡಿ ನಕ್ಕವರೂ ಉಂಟು. ಆದರೆ ಕಳೆದ ಒಂಬತ್ತು ವರ್ಷಗಳಲ್ಲಿ ಆ ಕೋಣೆಯ ವಾಕರಿನಿಂದ ಮತ್ತೊಬ್ಬರು ಬಿದ್ದಿಲ್ಲ. ಆರುನೂರಕ್ಕೂ ಹೆಚ್ಚು ಜನ ಅಲ್ಲಿಂದ ಒಯ್ದ ಆಸರೆಯಲ್ಲಿ ಎದ್ದು ನಡೆದಿದ್ದಾರೆ.

ಇನ್ನಾದರೂ ವಿಶ್ರಾಂತಿ ಪಡೆಯಿರೆಂದು ಸಹೋದ್ಯೋಗಿಗಳು ಮೊನ್ನೆ ಒತ್ತಾಯಿಸಿದಾಗ ಅವರು, “ಮಂಗಳವಾರ ಸಿರವಾರಕ್ಕ ಹೊಂಟೀನಿ. ಅಲ್ಲೂ ಕುರ್ಚಿ, ವಾಕರ್ ಇಡಾಕ ಒಂದು ಖೋಲಿ ಸಿಕ್ಕದ. ಬರೋರು ಬರ್ರಿ,” ಎಂದರು.

ಚಂದ್ರಕಲಾ ಅವರಿಗೆ ದೀರ್ಘಾಯುಷ್ಯವೂ ಗಟ್ಟಿ ಮೊಣಕಾಲುಗಳೂ ಇರಲಿ. ಮಂಗಳವಾರದ ಬಸ್ಸಿನಲ್ಲಿ ಅವರ ಪಕ್ಕದ ಸೀಟು ಖಾಲಿ ಉಳಿಯದಿರಲಿ.