ಶ್ರಾವಣದಲ್ಲಿ ಮೀನೆಣ್ಣೆ ಗುಳಿಗೆ

...ಅಥವಾ ಶ್ರಾವಣಕ್ಕೆ ಮೊದಲೇ ಅಕ್ಕನ ಬೆರಳು ಮತ್ತೆ ಬಾತಿದ್ದವೇ? ನನ್ನ ನೆನಪಿನಲ್ಲಿ ಎಲ್ಲ ಒಪ್ಪವಾಗಿದೆ: ಮೀನೆಣ್ಣೆಯ ಗುಳಿಗೆ ನುಂಗಿದಳು, ನೋವು ಇಳಿಯಿತು, ಬಿಟ್ಟಳು, ಏರಿತು, ಮತ್ತೆ ಹಿಡಿದಳು, ಇಳಿಯಿತು. ಇಷ್ಟು ಒಪ್ಪವಾಗಿ ನನ್ನ ಬದುಕಿನಲ್ಲಿ ಬೇರೇನೂ ನಡೆದಿಲ್ಲ. ಅದಕ್ಕೇ ನಂಬಿಕೆ ಬರುತ್ತಿಲ್ಲ.

ಅಕ್ಕನನ್ನು ಕೌಜಲಗಿಗೆ ಕೊಟ್ಟಿದ್ದಾರೆ. ಉರಿಯೂತದ ಸಂಧಿವಾತ ಅವಳ ಬೆರಳ ಗೆಣ್ಣುಗಳಲ್ಲಿ ಕೂತಿದೆ. ಬೆಳಿಗ್ಗೆ ಮುಷ್ಟಿ ಕಟ್ಟಲು ಬರುವುದಿಲ್ಲ. ರೊಟ್ಟಿ ಬಡಿಯುವ ಕೈಗೆ ಅದು ಸಣ್ಣ ಮಾತಲ್ಲ. ಸೊಸೆ ಬಡಿದರೆ, ಆ ರೊಟ್ಟಿ ನೋಡಿ ಇವಳಿಗೆ ಗೆಣ್ಣಿಗಿಂತ ಹೆಚ್ಚು ನೋವು. ಗೋಕಾಕದ ಡಾಕ್ಟರು ತಮ್ಮ ಮಾತ್ರೆಗಳ ಜೊತೆಗೆ ಮೀನೆಣ್ಣೆಯನ್ನೂ ಬರೆದರು. ಕೆಲವರಿಗೆ ತುಸು ಆರಾಮ ಅನಿಸುತ್ತದೆ, ನೋಡೋಣ, ಮೂಲ ಮಾತ್ರೆ ಮಾತ್ರ ಬಿಡಬೇಡಿ ಅಂದರು. ಇಷ್ಟು ಮೆಲ್ಲಗೆ ಹೊಗಳಿಸಿಕೊಂಡ ಔಷಧ ನಾನು ಕಂಡಿರಲಿಲ್ಲ. ಅಕ್ಕನ ತಕರಾರು ಬೇರೆ: “ಮೀನ ತಿಂದರ ರುಚಿನಾರ ಇರತೈತಿ. ಇದು ಬರೇ ತೇಗಿನಾಗ ಬರತೈತಿ.”

ಶ್ರಾವಣ ಬಂತು. ಆ ತಿಂಗಳು ಅವರ ಮನೆಯಲ್ಲಿ ಮೀನು, ಮಾಂಸ ಮುಟ್ಟುವುದಿಲ್ಲ. ಮುಳ್ಳು, ಕಣ್ಣು, ಕಿವಿರು ಒಂದೂ ಇಲ್ಲದ ಗುಳಿಗೆ ಮೀನು ಹೇಗಾದೀತು ಎಂದು ನಾನು ವಾದ ಹೂಡಿದೆ.

“ತುಪ್ಪದಾಗ ಎಮ್ಮಿ ಕೋಡ ಎಲ್ಲಿ ಐತೋ? ಎಮ್ಮೀದ ಹೌದಲ್ಲ?” ಅಂದಳು. ಬಾಟಲಿ ಗೋಡೆಯ ಗೂಡು ಸೇರಿತು.

ಆ ತಿಂಗಳು ಮಳೆ ಹಿಡಿದಿತ್ತು, ಥಂಡಿ ಗಾಳಿ, ಬೆರಳು ಬಿಗಿದವು. ಶ್ರಾವಣ ಮುಗಿದು ಗುಳಿಗೆ ಶುರುವಾದಾಗ ಬಿಸಿಲೂ ಬಂತು, ಕೈಯೂ ಸಡಿಲಾಯಿತು. ಇದನ್ನು ಹುಕ್ಕೇರಿಯ ಬೀಗರ ಮನೆಯಲ್ಲಿ, ಮೂಡಲಗಿಯ ಚಹಾದಂಗಡಿಯಲ್ಲಿ ಹೇಳಿದ್ದೇ ಹೇಳಿದ್ದು. ಹೇಳಿದಂತೆಲ್ಲ ನನ್ನ ಕಥೆಯಲ್ಲಿ ಮಳೆ ಕಡಿಮೆಯಾಯಿತು, ಗುಳಿಗೆ ದೊಡ್ಡದಾಯಿತು.

ಮೊನ್ನೆ ಅಕ್ಕನ ಎದುರಿಗೇ ಹೇಳಹೋದಾಗ ತಡೆದಳು. “ಗುಳಿಗಿ ಬಿಡೂಕಿಂತ ಮೊದಲ, ಶ್ರಾವಣಕ್ಕ ಮುಂಚೇನ ನೋವು ತಿರುಗಿ ಶುರುವಾಗಿತ್ತಲೋ ತಮ್ಮಾ, ಕಳೆ ತೆಗಿಯಾಕ ಹೋದಾಗ.” ಹೌದೇ? ಅವಳ ನೆನಪನ್ನಾದರೂ ಯಾಕೆ ನಂಬಬೇಕು? ವ್ರತದ ಮೇಲೆ ತಪ್ಪು ಬರದಿರಲೆಂದು ನೋವನ್ನೇ ಹಿಂದಕ್ಕೆ ತಳ್ಳಿರಬಹುದು.

ಶ್ರಾವಣ ಮತ್ತೆ ಹತ್ತಿರವಾಗಿದೆ. “ನೀ ಓದಿದಾಂವ. ಈ ಸಲ ಗುಳಿಗಿ ಬಿಡಲೋ, ಬ್ಯಾಡೋ? ಖರೆ ಹೇಳು” ಎಂದು ಕೇಳುತ್ತಾಳೆ. ಬಿಟ್ಟು ಬೆರಳು ಬಿಗಿದರೆ ನೋವು ಅವಳದು. ಬಿಡದಿದ್ದರೆ ವ್ರತ ಕೆಟ್ಟದ್ದೂ ಅವಳದೇ. ಡಾಕ್ಟರನ್ನು ಕೇಳಿದೆ. ಅವಳ ಕೈಯಲ್ಲಿ ಯಾವುದು ಎಷ್ಟು ಕೆಲಸ ಮಾಡಿತೆಂದು ಬಿಡಿಸಿ ಹೇಳಲಾಗದು ಎಂದರು. ಕೈ ಸಡಿಲಾದದ್ದು ನಿಜ. ಆಮೇಲೆ ಅವಳೇ ಬಡಿದ ರೊಟ್ಟಿ ನಾನೇ ತಿಂದಿದ್ದೇನೆ. ಯಾವುದರಿಂದ ಸಡಿಲಾಯಿತು ಎಂಬುದು ನನಗೆ ಗೊತ್ತಿಲ್ಲ. ಅಕ್ಕನಿಗೆ ಅಷ್ಟನ್ನೇ ಹೇಳಿದೆ.