ಅವ್ವನ ಏಳಡಿ ಕೋಣೆ

ಅವ್ವ ಅಂಗನವಾಡಿ ಕೆಲಸದಿಂದ ನಿವೃತ್ತಳಾದ ವರ್ಷವೇ ಅವಳು ಬಾಡಿಗೆಗಿದ್ದ ಮನೆಯನ್ನು ಅದರ ಮಾಲೀಕರು ಕೆಡವಿ ಹೊಸದಾಗಿ ಕಟ್ಟಲು ಹೊರಟರು. ಕೆ.ಆರ್. ನಗರದ ಹತ್ತಿರದ ಆ ಊರಿನಲ್ಲೇ ನಾನು ಬೆಳೆದದ್ದು. ಅಪ್ಪ ಹೋದ ಮೇಲೆ ಅವ್ವ ಬೆಳಿಗ್ಗೆ ಮಕ್ಕಳಿಗೆ ಪಾಠ ಹೇಳಿ, ಮಧ್ಯಾಹ್ನದ ಮೇಲೆ ಹೊಲಿಗೆ ಮಿಷನ್ ತುಳಿದು ನನ್ನನ್ನು ಓದಿಸಿದಳು. ನಾನು ಒಬ್ಬಳೇ ಮಗಳು. ಮದುವೆಯಾಗಿ ಹುಣಸೂರು ತಾಲ್ಲೂಕಿನ ಗಾವಡಗೆರೆ ಕಡೆಯ ಹಳ್ಳಿಗೆ ಬಂದಾಗಿನಿಂದ ಅವಳನ್ನು ಕರೆಯುತ್ತಲೇ ಇದ್ದೆ. ಹಬ್ಬಕ್ಕೆ ಬರುತ್ತಿದ್ದಳು, ಮೂರನೆಯ ದಿನಕ್ಕೆ ಚೀಲ ಕಟ್ಟುತ್ತಿದ್ದಳು. ಮಗಳ ಮನೆಯಲ್ಲಿ ಬೇರು ಬಿಡಬಾರದು ಎನ್ನುವುದು ಅವಳ ಲೆಕ್ಕ.

ಬಾಡಿಗೆ ಮನೆ ಬಿಡಬೇಕಾಗಿ ಬಂದ ಸುದ್ದಿಯನ್ನೂ ಅವಳು ನನಗೆ ಹೇಳಲಿಲ್ಲ. ಹೇಗೋ ನನ್ನ ಅತ್ತೆಗೆ ಗೊತ್ತಾಯಿತು. ಅತ್ತೆ ಯಾರಿಗೂ ಹೇಳದೆ ಬೆಳಗಿನ ಬಸ್ಸು ಹತ್ತಿ ಅವ್ವನ ಊರಿಗೆ ಹೋದರು. ಸಂಜೆ ಅವರ ಫೋನ್ ಬಂತು. ಅವ್ವ ಬರಲು ಒಪ್ಪಿದ್ದಾಳೆ, ಆದರೆ ಒಂದು ಷರತ್ತು: ನಮ್ಮ ಮನೆಯಲ್ಲಿ ಯಾರೊಬ್ಬರ ಜಾಗವೂ ತನ್ನಿಂದ ಕಡಿಮೆಯಾಗಬಾರದು.

ಆ ಷರತ್ತು ಸುಲಭದ್ದಲ್ಲ. ನಮ್ಮದು ಮಣ್ಣಿನ ದಪ್ಪ ಗೋಡೆಯ ಹೆಂಚಿನ ಮನೆ. ನಡುಮನೆ, ಎರಡು ಕೋಣೆ, ಅಡುಗೆಮನೆ. ಅತ್ತೆಗೆ ಒಂದು ಕೋಣೆ, ನಮಗೊಂದು. ಮಕ್ಕಳು ನಡುಮನೆಯಲ್ಲೇ ಓದಿ ಅಲ್ಲೇ ಮಲಗುತ್ತಿದ್ದರು. ಹಾಗಾಗಿ ಮನೆಗೆ ಪಕ್ಕದಲ್ಲಿ ಹೊಸ ಕೋಣೆಯೊಂದನ್ನು ಸೇರಿಸುವುದೇ ಸರಿ ಎಂದು ನನ್ನ ಗಂಡ ನಿರ್ಧರಿಸಿದರು. ಮನೆಯ ಮುಂದೆ ಪಂಚಾಯ್ತಿ ಚರಂಡಿ, ಹಿಂದೆ ಕೊಟ್ಟಿಗೆ, ಬಲಕ್ಕೆ ಪಕ್ಕದವರ ಗೋಡೆ. ಉಳಿದದ್ದು ಎಡಗಡೆ ಮಾತ್ರ. ಅಲ್ಲಿ ನಮ್ಮ ಮನೆಗೂ, ನನ್ನ ಗಂಡನ ಅಣ್ಣ ಭಾವನವರು ಹೊಗೆಸೊಪ್ಪನ್ನು ಕಾವು ಕೊಟ್ಟು ಬೇಯಿಸುವ ಬ್ಯಾರನ್‌ಗೂ ನಡುವೆ ಉದ್ದನೆಯ ಒಂದು ಸಂದಿ. ಅಣ್ಣತಮ್ಮಂದಿರ ಪಾಲಾದಾಗ ಸಂದಿಯ ಅರ್ಧ ನಮಗೆ ಬಂದಿತ್ತು. ಆದರೆ ಬ್ಯಾರನ್‌ಗೆ ಸೌದೆ ತರುವ ಟ್ರ್ಯಾಕ್ಟರ್ ಅಲ್ಲಿಂದಲೇ ಹಿಂದಕ್ಕೆ ಹೋಗಬೇಕು. ಟ್ರ್ಯಾಕ್ಟರ್ ಹೋಗಿ ಮಿಕ್ಕಿದ್ದಷ್ಟೇ ನಮ್ಮ ಕೋಣೆ.

ಕಟ್ಟೆಮಳಲವಾಡಿಯಿಂದ ಗಾರೆ ಮೇಸ್ತ್ರಿ ಬಂದು ಟೇಪು ಹಿಡಿದರು. ಉದ್ದಕ್ಕೆ ಚಿಂತೆಯಿಲ್ಲ, ಅಗಲ ಮಾತ್ರ ಒಳಗೆ ಏಳಡಿ ಸಿಕ್ಕರೆ ಪುಣ್ಯ ಎಂದರು. ಏಳಡಿ ಎಂದರೆ ಎಷ್ಟು ಎಂದು ಅತ್ತೆಗೆ ಅಂದಾಜಾಗಲಿಲ್ಲ. ಕಾಗದದ ಮೇಲೆ ಬರೆದು ತೋರಿಸಿದರೂ ಒಪ್ಪಲಿಲ್ಲ. ಒಳಗಿನಿಂದ ರಂಗೋಲಿ ಪುಡಿಯ ಡಬ್ಬಿ ತಂದು, ಮೇಸ್ತ್ರಿ ಹೇಳಿದ ಕಡೆಯೆಲ್ಲ ಗೆರೆ ಎಳೆದರು. ಗೋಡೆ, ಬಾಗಿಲು, ಕಿಟಕಿ ಎಲ್ಲ ನೆಲದ ಮೇಲೆ ಬಂದವು. ಅವ್ವನ ಹಲಸಿನ ಮಂಚ, ಹೊಲಿಗೆ ಮಿಷನ್, ಕಬ್ಬಿಣದ ಬೀರು ಇಷ್ಟಕ್ಕೂ ಚೌಕ ಬರೆದರು. ಚೌಕಗಳು ಒಂದರ ಮೇಲೊಂದು ಹತ್ತಿದವು. ಮಂಚದ ಉದ್ದ ಸರಿಯೋ ಎಂದು ನೋಡಲು ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಆ ಚೌಕದೊಳಗೆ ಮಲಗಿಯೇಬಿಟ್ಟರು. ದಾರಿಯಲ್ಲಿ ಹೋಗುವವರು ಏನಾಯಿತೋ ಎಂದು ಗಾಬರಿಯಾಗಿ ನಿಂತರು. ಅತ್ತೆ ಮಲಗಿದಲ್ಲಿಂದಲೇ, ಮನೆ ಕಟ್ಟುತ್ತಿದ್ದೇವೆ ಎಂದು ಉತ್ತರ ಕೊಟ್ಟರು.

ಜಾಗ ನೋಡಲೆಂದು ಬಂದಿದ್ದ ಅವ್ವ ಆ ದಿನ ಜಗಲಿಯ ತುದಿಯಲ್ಲಿ ನೆಂಟರ ಹಾಗೆ ಕೂತಿದ್ದಳು.

ಮಾರನೆಯ ದಿನ ಭಾವನವರು ಬಂದರು. ಅವರು ಕೆಟ್ಟವರಲ್ಲ. ಆದರೆ ಹೊಗೆಸೊಪ್ಪಿನ ಕಾಲದಲ್ಲಿ ಸೌದೆ ಬರುವ ದಾರಿ ಕಟ್ಟಿದರೆ ಅವರಿಗೆ ಊಟ ಸೇರುವುದಿಲ್ಲ. ಮಾತಾಡಿ ತೀರ್ಮಾನ ಮಾಡುವುದಕ್ಕಿಂತ ನೋಡಿಯೇ ಬಿಡೋಣ ಎಂದು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ತಂದು ಸಂದಿಯೊಳಗೆ ಬಿಟ್ಟರು. ಮುಂದಿನ ಗಾಲಿ ಗೆರೆ ಮುಟ್ಟದೆ ಹೋಯಿತು. ಹಿಂದೆ ಬ್ಯಾರನ್ ಬಾಗಿಲಿಗೆ ತಿರುಗಿಸುವಾಗ ಟ್ರೇಲರ್ ನಮ್ಮ ಮನೆಯ ಕಡೆ ಸರಿದು, ರಂಗೋಲಿ ಗೆರೆಯನ್ನು ಒರೆಸಿಕೊಂಡು ಹೋಯಿತು. ಭಾವನವರು ಇಳಿದು ನೋಡಿ, ಗೋಡೆಯನ್ನು ಒಂದಡಿಯಾದರೂ ಒಳಕ್ಕೆ ತೆಗೆದುಕೊಳ್ಳಲೇಬೇಕು ಎಂದರು. ಆರಡಿ ಅಗಲದಲ್ಲಿ ಅವ್ವನ ಮಂಚ ಅಡ್ಡ ಹಿಡಿಯುವುದಿಲ್ಲ. ಉದ್ದಕ್ಕೆ ಹಾಕಿದರೆ ಮಿಷನ್ನಿಗೂ ಮಂಚಕ್ಕೂ ನಡುವೆ ಓಡಾಡಲು ಜಾಗ ಉಳಿಯುವುದಿಲ್ಲ. ಮೇಸ್ತ್ರಿ ಟೇಪು ಸುತ್ತಿ ಜೇಬಿಗೆ ಹಾಕಿಕೊಂಡರು.

ಆಗ ಅವ್ವ ಎದ್ದು ಬಂದಳು.

"ಬುಡು ಮಗ," ಎಂದಳು ನನಗೆ. "ಕೆ.ಆರ್. ನಗರದಲ್ಲೇ ಒಂದು ಬಾಡ್ಗೆ ಮನೆ ನೋಡ್ಕತೀನಿ. ನನ್ ಒಬ್ಬಳಿಗೋಸ್ಕರ ಅಣ್ಣತಮ್ಮಂದ್ರ ನಡುವೆ ಗೆರೆ ಎಳೆಯೋದು ಬ್ಯಾಡ."

ಅತ್ತೆಯೇ ಮುಂದೆ ಬಂದರು. ಅವರ ದನಿ ಏರಲಿಲ್ಲ.

"ನಿಮ್ ಮಗಳು ಇಷ್ಟ್ ವರ್ಸದಿಂದ ನಮ್ಮನೇಲವ್ಳೆ ಕಣವ್ವ. ಅವ್ಳು ಎಷ್ಟ್ ಜಾಗ ಹಿಡ್ದವ್ಳೆ ಅಂತ ನಾನು ಯಾವತ್ತಾದ್ರೂ ಅಳೆದಿದ್ದೀನಾ? ನೀವ್ಯಾಕೆ ನಿಮ್ಮನ್ನ ಅಳೆದ್ಕತೀರಿ?"

ಭಾವನವರು ಟ್ರ್ಯಾಕ್ಟರ್ ಎಂಜಿನ್ ಆರಿಸಿದರು. ಅವ್ವ ನೆಲವನ್ನೇ ನೋಡುತ್ತ ನಿಂತಳು. ಅವಳು ಅಳುತ್ತಿದ್ದಾಳೆ ಎಂದುಕೊಂಡೆ. ಇಲ್ಲ, ಅವಳು ಟ್ರೇಲರ್ ಗಾಲಿಯ ಗುರುತನ್ನು ನೋಡುತ್ತಿದ್ದಳು. ಆಮೇಲೆ ಸಂದಿಯ ಹಿಂದಿನ ತುದಿಗೆ ನಡೆದು, ಗೆರೆ ಅಳಿಸಿದ ಜಾಗದಲ್ಲಿ ಕಾಲಿಟ್ಟು ತೋರಿಸಿದಳು.

"ತಗಲಿರೋದು ಈ ಮೂಲೆ ಒಂದೇ ಅಲ್ವಾ? ರವಿಕೆ ಕಂಕುಳಲ್ಲಿ ಬಿಗಿಯಾದ್ರೆ ಇಡೀ ರವಿಕೆ ಬಿಚ್ಚಲ್ಲ ನಾವು. ಅಲ್ಲಿ ಮಾತ್ರ ಓರೆಗೆ ಕತ್ತರಿಸ್ತೀವಿ."

ಭಾವನವರು ಇನ್ನೊಂದು ಸಲ ಬಗ್ಗಿ ಗಾಲಿಯ ಗುರುತು ನೋಡಿದರು. ಹಿಂದಿನ ಮೂಲೆಯನ್ನು ಓರೆಯಾಗಿ ಕತ್ತರಿಸಿದರೆ ಟ್ರೇಲರ್ ತಿರುಗುತ್ತದೆ, ಉಳಿದ ಕಡೆ ಗೋಡೆ ಗೆರೆಯ ಮೇಲೆಯೇ ನಿಲ್ಲಬಹುದು. ಅತ್ತೆ ತಾವೇ ಹೊಸ ಓರೆ ಗೆರೆ ಎಳೆದರು. ಭಾವನವರು ಮತ್ತೆ ಟ್ರ್ಯಾಕ್ಟರ್ ಹತ್ತಿ ತಿರುಗಿಸಿದರು. ಗೆರೆ ಉಳಿಯಿತು. ಅವರು ಇಳಿದು ಅವ್ವನ ಕಡೆ ತಿರುಗಿ, "ಕಟ್ಕಳಿ ಅಕ್ಕ" ಎಂದಷ್ಟೇ ಹೇಳಿ ಹೊರಟರು.

ಅಲ್ಲಿಂದ ಮುಂದೆ ಅವ್ವ ನೆಂಟರ ಹಾಗೆ ಕೂರಲಿಲ್ಲ. ದಿನಾ ಬೆಳಿಗ್ಗೆ ಟೀ ಕುಡಿದ ಕೂಡಲೇ ಕೆಲಸದ ಜಾಗದಲ್ಲಿ ಹಾಜರಾಗುತ್ತಿದ್ದಳು. ಹೊರಗೋಡೆಯನ್ನು ದಪ್ಪ ಕಟ್ಟಿದರೆ ಅದು ಅಗಲವನ್ನು ಇನ್ನೂ ತಿನ್ನುತ್ತದೆ ಎಂದು, ಅಲ್ಲಲ್ಲಿ ಕಂಬ ನಿಲ್ಲಿಸಿ ನಡುವೆ ತೆಳ್ಳನೆಯ ಸಿಮೆಂಟ್ ಇಟ್ಟಿಗೆ ಜೋಡಿಸಿದರು. ಹಳೆಯ ಮನೆಯ ಆ ಪಕ್ಕದ ಗೋಡೆ ಎತ್ತರವಾದದ್ದು. ಹೊಸ ಕೋಣೆಯ ಹೆಂಚಿನ ಮಾಡು ಅಲ್ಲಿಂದ ಶುರುವಾಗಿ ಸಂದಿಯ ಕಡೆ ಇಳಿಯುತ್ತದೆ. ಎತ್ತರವಿದ್ದ ಕಡೆ, ತಲೆಯ ಮೇಲೆ, ಕೋಣೆಯ ಉದ್ದಕ್ಕೂ ಹಲಗೆಯ ಅಟ್ಟ ಬಂತು. ತಗ್ಗಿನ ಕಡೆ, ಕಿಟಕಿಯ ಕೆಳಗೆ ಹೊಲಿಗೆ ಮಿಷನ್. ಹೊಲಿಯುವವರು ಹೇಗೂ ಕೂತಿರುತ್ತಾರೆ, ಅವರ ತಲೆಯ ಮೇಲೆ ಅಷ್ಟೊಂದು ಗಾಳಿ ಯಾಕೆ ಎಂದು ಅವ್ವನ ವಾದ.

ಅಡುಗೆಮನೆಯಿಂದ ಸಂದಿಗೆ ಮೊದಲೇ ಒಂದು ಬಾಗಿಲಿತ್ತು, ಪಕ್ಕದಲ್ಲೊಂದು ಕಿಟಕಿಯೂ ಇತ್ತು. ಬಾಗಿಲು ಹೊಸ ಕೋಣೆಗೆ ದಾರಿಯಾಯಿತು. ಅದು ಕೋಣೆಯೊಳಕ್ಕೆ ತೆರೆದರೆ ಮಂಚಕ್ಕೆ ಹೊಡೆಯುತ್ತದೆಂದು ತಿರುಗಿಸಿ, ಅಡುಗೆಮನೆಯ ಕಡೆಗೆ ತೆರೆಯುವಂತೆ ಕೂರಿಸಿದರು. ಕಿಟಕಿಯನ್ನು ಇಟ್ಟಿಗೆ ಹಾಕಿ ಮುಚ್ಚಬೇಕೆಂದು ನನ್ನ ಗಂಡ ಹೇಳಿದರು. ಅತ್ತೆ ಬಿಡಲಿಲ್ಲ. ಮಣ್ಣಿನ ಗೋಡೆ ಅಷ್ಟು ದಪ್ಪವಿದ್ದುದರಿಂದ, ಸರಳು ತೆಗೆದ ಮೇಲೆ ಅದೇ ಒಂದು ಒಳ್ಳೆಯ ಗೂಡಾಯಿತು. ಎರಡು ಹಲಗೆ ಹಾಕಿದೆವು. ಮೇಲೆ ಅವ್ವನ ದಾರದ ಉಂಡೆಗಳು, ಕತ್ತರಿ, ಮಾತ್ರೆ. ಕೆಳಗಿನ ಹಲಗೆ ಖಾಲಿ, ಈ ಕಡೆಯಿಂದ ಟೀ ಲೋಟ ಇಟ್ಟರೆ ಆ ಕಡೆಯಿಂದ ತೆಗೆದುಕೊಳ್ಳುವುದಕ್ಕೆ. ಅಡುಗೆಮನೆ ಕತ್ತಲಾಗದಿರಲೆಂದು ಹೊಸ ಮಾಡಿಗೆ ಅಲ್ಲಲ್ಲಿ ಗಾಜಿನ ಹೆಂಚು ಹೊದಿಸಿದೆವು.

ಓರೆಯಾಗಿ ಕತ್ತರಿಸಿದ ಹಿಂದಿನ ಮೂಲೆಯಲ್ಲಿ ಬಚ್ಚಲು. ಅವ್ವನ ಮಂಡಿಗೆ ಅನುಕೂಲವಾಗಲೆಂದು ಕೂರುವ ಕಮೋಡ್ ಹಾಕಿಸಿದೆವು. ಓರೆ ಗೋಡೆಯ ಕಡೆ ಅದು ನೇರ ಕೂರಲಿಲ್ಲ. ಸ್ವಲ್ಪ ಸೊಟ್ಟಗೇ ಇದೆ, ಈಗ ಯಾರಿಗೂ ಹಾಗನ್ನಿಸುವುದಿಲ್ಲ.

ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ನನ್ನ ಗಂಡ ಫೋನಿನಲ್ಲಿ ವಿಡಿಯೋ ನೋಡಿ, ಗೋಡೆಗೆ ಮಡಚಿ ಎತ್ತಿಡುವ ಮೇಜೊಂದನ್ನು ತಾವೇ ಮಾಡಿದರು. ಬಟ್ಟೆ ಕತ್ತರಿಸಲು ಅವ್ವನಿಗೆ ಬೇಕಲ್ಲ ಎಂದು. ಮೊದಲ ದಿನವೇ ಅವ್ವ ಅದರ ಮೇಲೆ ಮೊಣಕೈ ಊರಿದಾಗ ಕೀಲು ಸಮೇತ ಕಿತ್ತು ಬಂತು. ಅವ್ವ ಅಳಿಯನಿಗೆ ನೋವಾಗಬಾರದೆಂದು, ತಾನೇ ಜಾಸ್ತಿ ಭಾರ ಹಾಕಿದೆ ಎಂದಳು. ಅತ್ತೆ ಹಾಗೇನೂ ಮುಚ್ಚಿಡಲಿಲ್ಲ. ಮಗನಿಗೆ ಚಿಕ್ಕಂದಿನಿಂದಲೂ ಮೊಳೆ ನೆಟ್ಟಗೆ ಹೊಡೆಯಲು ಬರುವುದಿಲ್ಲ ಎಂದು ಎಲ್ಲರೆದುರಿಗೆ ಹೇಳಿದರು. ಕಬ್ಬಿಣದ ಬೀರು ಯಾವ ಕಡೆ ತಿರುಗಿಸಿದರೂ ಒಳಗೆ ಹೋಗಲಿಲ್ಲ. ಅದು ನಮ್ಮ ಕೋಣೆಗೆ ಬಂತು. ಅವ್ವನ ಸೀರೆಗಳಿಗಾಗಿ ಮಂಚದ ಕೆಳಗೆ ಎಳೆಯುವ ಪೆಟ್ಟಿಗೆಗಳನ್ನು ಆಚಾರಿಯಿಂದ ಮಾಡಿಸಿದೆವು.

ಕೋಣೆ ಮುಗಿದು ಹಾಲುಕ್ಕಿಸಿದ ದಿನ ಅವ್ವ ನಡುವೆ ನಿಂತು ಎರಡೂ ಕೈ ಚಾಚಿ ನೋಡಿದಳು. ಬೆರಳು ಎರಡೂ ಕಡೆಯ ಗೋಡೆಗೆ ಮುಟ್ಟಲು ಒಂದೊಂದಡಿಯಷ್ಟೇ ಬೇಕಿತ್ತು. "ಸಾಕಷ್ಟಾಯ್ತು ಕಣ ಮಗ" ಎಂದಳು. ಬಾಡಿಗೆ ಮನೆಗಳಲ್ಲಿ ಅಷ್ಟು ವರ್ಷ ಕಳೆದ ಹೆಂಗಸು, ತನಗೆಂದೇ ಅಳೆದು ಕಟ್ಟಿದ ಗೋಡೆಯ ನಡುವೆ ಮೊದಲ ಸಲ ನಿಂತಿದ್ದಳು. ನಾನು ಅಡುಗೆಮನೆಗೆ ಹೋಗಿ ಪಾಯಸ ಕದಡುತ್ತ ಕಣ್ಣೊರೆಸಿಕೊಂಡೆ.

ತಿಂಗಳು ಕಳೆಯುವುದರೊಳಗೆ ಹೊಲಿಗೆ ಮಿಷನ್ ಸದ್ದು ಮನೆಗೆ ಒಗ್ಗಿತು. ನಮ್ಮ ಬೀದಿಯ ಹೆಂಗಸರು ರವಿಕೆ ಬಟ್ಟೆ ಹಿಡಿದು ಬರತೊಡಗಿದರು. ಒಳಗೆ ಇಬ್ಬರಿಗಿಂತ ಹೆಚ್ಚು ಜನ ಕೂರಲಾಗುವುದಿಲ್ಲವಾದ್ದರಿಂದ ಉಳಿದವರು ಅಡುಗೆಮನೆಯಲ್ಲಿ ನನ್ನ ಹತ್ತಿರ ಕೂತು ಅವರೆಕಾಯಿ ಸುಲಿದು ಕೊಡುತ್ತಿದ್ದರು. ನನಗೇನೂ ನಷ್ಟವಿಲ್ಲ.

ಅತ್ತೆ ಮಧ್ಯಾಹ್ನ ಊಟವಾದ ಮೇಲೆ ಅವ್ವನ ಕೋಣೆಗೆ ಹೋಗಿ ಕೂರುತ್ತಿದ್ದರು. ಮೊದಮೊದಲು ಗುಂಡಿ ಹಚ್ಚಿ ಕೊಡುವ ನೆಪ. ಆಮೇಲೆ ಅಲ್ಲೇ ಒಂದು ಕೋಳಿನಿದ್ದೆ. ಕಳೆದ ಮಳೆಗಾಲದಲ್ಲಿ ಅವರಿಗೆ ಜ್ವರ ಬಂದು, ಕೈಕಾಲಿನ ಗಿಣ್ಣುಗಳೆಲ್ಲ ಹಿಡಿದುಕೊಂಡವು. ಹಳೆಯ ಮನೆಯಿಂದ ಹಿತ್ತಲಿನ ಬಚ್ಚಲಿಗೆ ಮೆಟ್ಟಿಲು ಇಳಿದು ಹೋಗುವುದು ಆಗುತ್ತಿರಲಿಲ್ಲ. ಅವ್ವ ನನ್ನನ್ನಾಗಲಿ ನನ್ನ ಗಂಡನನ್ನಾಗಲಿ ಕೇಳದೆ ಅತ್ತೆಯ ಹಾಸಿಗೆ ತಂದು ತನ್ನ ಮಂಚದ ಮೇಲೆ ಹಾಸಿದಳು. ಸೀರೆಯ ಪೆಟ್ಟಿಗೆಗಳನ್ನು ಅಟ್ಟಕ್ಕೆ ಏರಿಸಿ, ಮಂಚದ ಕೆಳಗಿನ ಜಾಗಕ್ಕೆ ತನಗೆಂದು ಗಾಲಿಯಿರುವ ತಗ್ಗು ಮಂಚವೊಂದನ್ನು ಆಚಾರಿಗೆ ಹೇಳಿ ಮಾಡಿಸಿದಳು. ಹಗಲು ಒಳಗೆ ತಳ್ಳುವುದು, ಮಲಗುವಾಗ ಎಳೆಯುವುದು. ಒಬ್ಬರಿಗೆ ಸಾಲುವುದೋ ಇಲ್ಲವೋ ಎಂದು ಅಳೆದು ಸುರಿದು ಕಟ್ಟಿದ ಕೋಣೆಯಲ್ಲಿ ಇಬ್ಬರಾದರು.

ಜ್ವರ ಬಿಟ್ಟು, ಗಿಣ್ಣುನೋವೂ ಇಳಿಯಿತು. ಅತ್ತೆ ಹಿಂದಿರುಗಲಿಲ್ಲ. ತಮ್ಮ ಕೋಣೆಯನ್ನು ಮಕ್ಕಳಿಗೆ ಬಿಟ್ಟುಕೊಟ್ಟರು. ನಾನೊಮ್ಮೆ ಮೆಲ್ಲಗೆ, ಅಲ್ಲಿ ಇಕ್ಕಟ್ಟಾಗುವುದಿಲ್ಲವೇ ಎಂದು ಕೇಳಿದೆ.

"ಇಕ್ಕಟ್ಟೇ ಕಣವ್ವ," ಎಂದರು ಅತ್ತೆ. "ಅತ್ಲಾಗ್ ತಿರುಗಿದ್ರೂ ನಿಮ್ಮವ್ವ, ಇತ್ಲಾಗ್ ತಿರುಗಿದ್ರೂ ನಿಮ್ಮವ್ವ."

ಹೇಳುವಾಗ ಅವರ ಮುಖದಲ್ಲಿ ದೂರಿನ ಲಕ್ಷಣ ಎಲ್ಲಿಯೂ ಇರಲಿಲ್ಲ.

ಈಗ ಇಬ್ಬರ ನಡುವೆ ಒಂದೇ ಜಗಳ, ಫ್ಯಾನಿನದು. ಮಾಡು ಇಳಿಜಾರಾದ್ದರಿಂದ ಗೋಡೆಗೆ ಹಾಕುವ ಫ್ಯಾನೇ ಗತಿ. ಅವ್ವನಿಗೆ ಸೆಖೆ, ಅತ್ತೆಗೆ ಚಳಿ. ಅವ್ವ ಫ್ಯಾನಿನ ಮುಖವನ್ನು ಕೆಳಗಿನ ಮಂಚಕ್ಕೆ ತಿರುಗಿಸುತ್ತಾಳೆ, ಅವಳಿಗೆ ನಿದ್ದೆ ಹತ್ತಿದ ಮೇಲೆ ಅತ್ತೆ ಅದನ್ನು ಗೋಡೆಯ ಕಡೆ ತಿರುಗಿಸುತ್ತಾರೆ. ಬೆಳಿಗ್ಗೆ ಇಬ್ಬರೂ ಬೇರೆ ಬೇರೆಯಾಗಿ ನನ್ನ ಹತ್ತಿರ ದೂರು ಹೇಳುತ್ತಾರೆ. ನಾನು ಇಬ್ಬರಿಗೂ ಹೌದು ಎನ್ನುತ್ತೇನೆ. ಇನ್ನೊಂದು ಫ್ಯಾನ್ ತರುವುದಾಗಿ ನನ್ನ ಗಂಡ ಹೇಳಿದಾಗ ಇಬ್ಬರೂ ಒಟ್ಟಿಗೆ ಬೇಡವೆಂದರು. ಅದನ್ನು ಹಾಕಲು ಗೋಡೆಯಲ್ಲಿ ಜಾಗವಿಲ್ಲವಂತೆ.